ಓಬವ್ವನ ಕಿಂಡಿಯಲ್ಲಿ ಬೆಳಕು ನಿಂತಿತು

ಗೊಂಬೆಯನ್ನು ಚೂರುಚೂರೇ ಸರಿಸಿ, ಒಂದೊಂದೇ ಚಿತ್ರ ತೆಗೆದು ಚಲನೆ ಕಟ್ಟುವ ಸ್ಟಾಪ್ ಮೋಷನ್‌ನಲ್ಲಿ ಒನಕೆ ಓಬವ್ವನ ದೃಶ್ಯ ಮಾಡುತ್ತಿದ್ದೇನೆ. ಕೊನೆಗೂ ಗೆರೆ ನೆಟ್ಟಗಾಯಿತು. ಚೌಕಟ್ಟಿನ ಬಲಮೂಲೆಯಲ್ಲಿ ಅಂಟಿಸಿಟ್ಟ ಬೂದು ಕಾರ್ಡಿನ ಹೊಳಪನ್ನು ಪ್ರತಿ ಚಿತ್ರದಲ್ಲೂ ಅಳೆದು ನಕ್ಷೆ ಬರೆಯುತ್ತೇನಲ್ಲ, ಆ ಗೆರೆ ಇಷ್ಟು ದಿನ ನಮ್ಮ ಚಿತ್ರದುರ್ಗದ ಬೆಟ್ಟಸಾಲಿನಂತೆ ಏರಿಳಿಯುತ್ತಿತ್ತು. ನಿನ್ನೆ ರಾತ್ರಿಯ ಚಿತ್ರೀಕರಣದಲ್ಲಿ ಮೊದಲಿನಿಂದ ಕೊನೆಯವರೆಗೆ ಅಲುಗಾಡಲೇ ಇಲ್ಲ. ಓಬವ್ವ ಒನಕೆ ಎತ್ತಿದಳು, ಕಿಂಡಿಯಿಂದ ತಲೆ ತೂರಿಸಿದ ಸಿಪಾಯಿಗೆ ಒಂದೇ ಏಟು ಕೊಟ್ಟಳು, ಅವನನ್ನು ಎಳೆದು ಪಕ್ಕಕ್ಕೆ ಹಾಕಿದಳು. ಹಿಂದಿನ ಬಂಡೆ ಒಮ್ಮೆಯೂ ಮಿನುಗಲಿಲ್ಲ. ಸ್ಟಾಪ್ ಮೋಷನ್ ಮಾಡುವವರಿಗೆ ಇದರ ಬೆಲೆ ಗೊತ್ತು.

ಗೊಂಬೆಯ ತಂತಿ ಅಸ್ಥಿಪಂಜರ, ಸ್ಪಂಜಿನ ಮೈ, ಥರ್ಮಾಕೋಲ್ ಬಂಡೆ, ಬಣ್ಣ ಇವುಗಳ ಬಗ್ಗೆ ಹೇಳುವುದು ಏನೂ ಇಲ್ಲ. ಎಲ್ಲರೂ ಮಾಡುವಂತೆಯೇ ಮಾಡಿದ್ದೇನೆ. ತಂತಿಯ ಬಗ್ಗೆ ಮಾತ್ರ ಹೊಟ್ಟೆಯುರಿ ಇದೆ. ಮೆತ್ತನೆಯ ಅಲ್ಯೂಮಿನಿಯಂ ತಂತಿ ಕೇಳಿದರೆ ಅಂಗಡಿಯವರು ಬೇಲಿಗೆ ಕಟ್ಟುವ ಗಡಸು ತಂತಿ ಕೊಡುತ್ತಾರೆ. ಹತ್ತು ಸಲ ಬಾಗಿಸುವಷ್ಟರಲ್ಲಿ ಗೊಂಬೆಯ ಮೊಣಕೈ ಮುರಿದು ಕೈಗೆ ಬರುತ್ತದೆ. ಕಡೆಗೆ ಕೈಹಿಡಿದದ್ದು ಮೋಟಾರ್ ವೈಂಡಿಂಗ್ ಮಾಡುವ ಅಂಗಡಿ. ಅಲ್ಲಿನ ಹಿರಿಯರು ನನ್ನ ಗೊಂಬೆಯನ್ನು ತಿರುಗಿಸಿ ನೋಡಿ, ಹಣ ಬೇಡವೆಂದು ಒಂದು ಸುರುಳಿ ತಂತಿ ಕೊಟ್ಟು ಕಳಿಸಿದರು.

ಈ ಹುಚ್ಚು ಹತ್ತಿಸಿದ್ದು ‘ನಾಗರಹಾವು’. ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ 1972ರಲ್ಲಿ ತೆರೆಗೆ ತಂದ ಚಿತ್ರ. ದುರ್ಗದಲ್ಲಿ ಹುಟ್ಟಿದ ಯಾರಿಗೂ ಅದರ ಕಥೆ ಹೇಳಬೇಕಾಗಿಲ್ಲ. ಟಿ.ವಿ.ಯಲ್ಲಿ ಚಿಕ್ಕಂದಿನಿಂದ ನೋಡುತ್ತಲೇ ಇದ್ದೆ. 2018ರಲ್ಲಿ ಡಿಜಿಟಲ್ ರೂಪದಲ್ಲಿ ಮತ್ತೆ ಬಿಡುಗಡೆಯಾದಾಗ ದೊಡ್ಡ ಪರದೆಯ ಮೇಲೆ ನೋಡಿದೆ, ಅಷ್ಟೇ. ‘ಬಾರೇ ಬಾರೇ’ ಹಾಡಿನಲ್ಲಿ ವಿಷ್ಣುವರ್ಧನ್ ಮತ್ತು ಆರತಿ ನಿಧಾನಗತಿಯಲ್ಲಿ ಓಡಿ ಬರುತ್ತಾರೆ. ನಾನು ದಿನವೂ ನೋಡುವ ಕಲ್ಲುಗಳ ನಡುವೆ ಕಾಲವೇ ಬೇರೆ ವೇಗದಲ್ಲಿ ಹರಿಯುತ್ತಿದೆ ಅನ್ನಿಸಿತು. ಕ್ಯಾಮೆರಾವನ್ನು ಸೆಕೆಂಡಿಗೆ 24 ಚೌಕಟ್ಟಿಗಿಂತ ವೇಗವಾಗಿ ಓಡಿಸಿ, ತೋರಿಸುವಾಗ ಮಾತ್ರ 24ಕ್ಕೇ ತೋರಿಸಿದರೆ ಚಲನೆ ಹಿಗ್ಗುತ್ತದೆ ಎಂಬ ಲೆಕ್ಕ ತಿಳಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಕಾಲವನ್ನು ಚೌಕಟ್ಟುಗಳಲ್ಲಿ ಹಿಗ್ಗಿಸಬಹುದಾದರೆ, ಒಂದೊಂದೇ ಚೌಕಟ್ಟನ್ನು ಕೈಯಿಂದಲೇ ಕಟ್ಟಲೂಬಹುದಲ್ಲ! ಅದೇ ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ಬರುವ ಹಾಡಿದೆ. ಯಾವ ದೃಶ್ಯ ಕಟ್ಟಬೇಕು ಎಂಬುದನ್ನು ಅದು ತೀರ್ಮಾನಿಸಿಬಿಟ್ಟಿತು. ಮಾರನೆಯ ದಿನವೇ ಕೋಟೆಗೆ ಹೋಗಿ ಕಿಂಡಿಯ ಮುಂದೆ ಕುಳಿತು, ತಣ್ಣೀರು ದೋಣಿಯ ಕಡೆಯಿಂದ ಕೊಡ ಹಿಡಿದು ಬರುವ ಹೆಂಗಸಿನ ಕಣ್ಣಿಗೆ ಆ ಸಂದು ಹೇಗೆ ಕಂಡೀತೆಂದು ಗೀಚಿಕೊಂಡು ಬಂದೆ.

ಈಗ ಬೆಳಕಿನ ಕಾಟಕ್ಕೆ ಬರುತ್ತೇನೆ.

ಕಿಂಡಿಯ ದೃಶ್ಯಕ್ಕೆ ದೀಪವನ್ನು ಎಡಗಡೆ ತಗ್ಗಿನಲ್ಲಿ ಇಡಲೇಬೇಕು. ಬೆಳಕು ಬಂಡೆಯನ್ನು ಸವರಿಕೊಂಡು ಹೋದಾಗಲೇ ನಮ್ಮ ಕಲ್ಲಿನ ಒರಟು ಕಾಣುವುದು. ಎದುರಿಗೆ ಇಟ್ಟರೆ ಥರ್ಮಾಕೋಲ್ ಥರ್ಮಾಕೋಲಾಗಿಯೇ ಕಾಣುತ್ತದೆ. ಆದರೆ ಹಾಗೆ ಸವರುವ ಬೆಳಕಿನಲ್ಲಿ ಹೊಳಪು ಒಂದು ಕೂದಲೆಳೆಯಷ್ಟು ಬದಲಾದರೂ ಇಡೀ ಬಂಡೆ ಉಸಿರಾಡುತ್ತದೆ. ತೆರೆಯ ಮೇಲಿನ ಒಂದು ಸೆಕೆಂಡಿಗೆ 12 ಚಿತ್ರದಂತೆ ತೆಗೆದು, ಒಂದೊಂದನ್ನು ಎರಡು ಚೌಕಟ್ಟು ಹಿಡಿಯುತ್ತೇನೆ. ಹೀಗಾಗಿ ಪ್ರತಿ ವ್ಯತ್ಯಾಸವೂ ಕಣ್ಣಿಗೆ ಎರಡು ಪಟ್ಟು ಹೊತ್ತು ನಿಲ್ಲುತ್ತದೆ.

ಲೆನ್ಸಿನ ಕಾಟ ಬೇಗ ಮುಗಿಯಿತು. ಹೊಸ ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬರುವ ರಂಧ್ರ, ಪ್ರತಿ ಚಿತ್ರಕ್ಕೂ ಹೊಸದಾಗಿ ಮುಚ್ಚಿಕೊಳ್ಳುತ್ತದೆ, ಪ್ರತಿ ಸಲವೂ ಅಷ್ಟಕ್ಕೇ ನಿಲ್ಲುವುದಿಲ್ಲ. ಅಡಾಪ್ಟರ್ ಹಾಕಿ ಹಳೆಯ 50 ಮಿ.ಮೀ. ಮ್ಯಾನುಯಲ್ ಲೆನ್ಸ್ ಕೂರಿಸಿದ ಮೇಲೆ ಸಣ್ಣ ಮಿನುಗು ಹೋಯಿತು. ಉಳಿದದ್ದು ನಿಧಾನದ ಮಿನುಗು: ಒಂದಷ್ಟು ಚಿತ್ರ ಸರಿಯಿದ್ದು, ಇದ್ದಕ್ಕಿದ್ದಂತೆ ಮಂಕಾಗಿ, ಮತ್ತೆ ಏರುವುದು. ವಿದ್ಯುತ್ತಿನ 50 ಹರ್ಟ್ಸ್ ಕಂಪನ ಇದಕ್ಕೆ ಕಾರಣವಲ್ಲ. ಅರ್ಧ ಸೆಕೆಂಡಿನ ಎಕ್ಸ್‌ಪೋಷರಿನಲ್ಲಿ ದೀಪದ 50 ಏರಿಳಿತಗಳು (ಕಂಪನದ ಒಂದೊಂದು ಸುತ್ತಿಗೆ ಎರಡು) ಸೇರಿ ಸರಾಸರಿಯಾಗಿಬಿಡುತ್ತವೆ.

ನಕ್ಷೆಯನ್ನು ಅಕ್ಕನ ಮಗಳಿಗೆ ತೋರಿಸುತ್ತಿದ್ದೆ. ಕೆಳಗೆ ಬರೆದಿದ್ದ ಸಮಯದ ಮೇಲೆ ಬೆರಳಿಟ್ಟು, “ಮಾಮ, ಇದು ಪಕ್ಕದ ಮನೆಯವರು ಟ್ಯಾಂಕಿಗೆ ನೀರು ಏರಿಸುವ ಹೊತ್ತು” ಎಂದಳು. ನೋಡಿದರೆ ನಿಜ! ಮೋಟಾರ್ ಹಾಕಿದೊಡನೆ ಬೀದಿಯ ವೋಲ್ಟೇಜ್ ಕುಸಿಯುತ್ತದೆ, ಅದರೊಂದಿಗೆ ನನ್ನ ಓಬವ್ವನ ಮೇಲೂ ಕತ್ತಲೆ ಕವಿಯುತ್ತದೆ. ಬೋರ್‌ವೆಲ್ ನಂಬಿದ ಊರಿನಲ್ಲಿ ನೀರು ಏರಿಸಬೇಡಿ ಎಂದು ಯಾರಿಗೆ ಹೇಳುವುದು?

ಎಲ್‌ಇಡಿ ದೀಪಗಳೊಳಗೆ ಒಳ್ಳೆಯ ಡ್ರೈವರ್ (ದೀಪಕ್ಕೆ ಹೋಗುವ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಸರ್ಕ್ಯೂಟ್) ಇದ್ದಿದ್ದರೆ ವೋಲ್ಟೇಜ್ ಇಳಿದರೂ ಹೊಳಪು ಇಳಿಯುತ್ತಿರಲಿಲ್ಲ. ಡ್ರೈವರ್ ಇದೆ ಎಂದು ಆಣೆ ಮಾಡಿ ಮಾರಿದ ದೀಪವನ್ನು ಬಿಚ್ಚಿದರೆ ಒಳಗೆ ಒಂದು ಕೆಪಾಸಿಟರ್, ನಾಲ್ಕು ಡಯೋಡ್, ಮತ್ತೇನೂ ಇಲ್ಲ. ಸ್ಟೆಬಿಲೈಸರ್ ಮಾರಿದವರು “ಇನ್ನು ನಿಶ್ಚಿಂತೆಯಿಂದಿರಿ” ಎಂದರು. ಅದು ರಿಲೇ ಬಗೆಯದು, ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ತಿದ್ದುತ್ತದೆ. ‘ಟಕ್’ ಎಂದಾಗಲೆಲ್ಲ ಬೆಳಕು ಒಂದು ಮೆಟ್ಟಿಲು ಹಾರುತ್ತದೆ. ಮೊದಲಿನ ಇಳಿಜಾರೇ ವಾಸಿಯಿತ್ತು.

ಕರೆಂಟಿನ ಸಹವಾಸವೇ ಬೇಡವೆಂದು 12 ವೋಲ್ಟಿನ ಬ್ಯಾಟರಿಗೆ ಎಲ್‌ಇಡಿ ಪಟ್ಟಿ ಕಟ್ಟಿದೆ. ಮಿನುಗು ಪೂರ್ತಿ ನಿಂತಿತು. ಆ ಸಂತೋಷಕ್ಕೆ ಆಯುಷ್ಯ ಕಡಿಮೆ. ಒಂದು ರಾತ್ರಿಯ ಕೆಲಸ ಮುಗಿಸಿ ಮೊದಲ ಚಿತ್ರ, ಕೊನೆಯ ಚಿತ್ರ ಅಕ್ಕಪಕ್ಕ ಇಟ್ಟರೆ ಓಬವ್ವ ಮಟಮಟ ಮಧ್ಯಾಹ್ನದಲ್ಲಿ ಒನಕೆ ಎತ್ತಿ ಮುಸ್ಸಂಜೆಯಲ್ಲಿ ಇಳಿಸಿದ್ದಳು. ಬ್ಯಾಟರಿ ಬರಿದಾಗುತ್ತ ಹೋದಂತೆ ಅದರ ವೋಲ್ಟೇಜ್ ಇಳಿಯುತ್ತದೆ. ಪಟ್ಟಿಯೊಳಗೆ ಇರುವುದು ಬರಿಯ ರೆಸಿಸ್ಟರ್, ಹಾಗಾಗಿ ಹೊಳಪೂ ಜೊತೆಗೇ ಇಳಿಯುತ್ತದೆ. ಆ ದೃಶ್ಯವನ್ನು ಪೂರ್ತಿ ಕಸದ ಬುಟ್ಟಿಗೆ ಹಾಕಬೇಕಾಯಿತು. ಅತ್ತುಬಿಡುವಷ್ಟು ಸಂಕಟವಾಗಿತ್ತು.

ಗೆದ್ದದ್ದು ಇಲ್ಲಿ: ಯುಪಿಎಸ್‌ನಲ್ಲಿ ಬರುವ 7 ಆಂಪಿಯರ್-ಅವರ್‌ನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿಕೊಂಡೆ. ನಡುವೆ ಒಂದು ಬಕ್ ಕನ್ವರ್ಟರ್, ಅಂದರೆ ವೋಲ್ಟೇಜ್ ಇಳಿಸಿ ಒಂದೇ ಮಟ್ಟದಲ್ಲಿ ನಿಲ್ಲಿಸುವ ಸರ್ಕ್ಯೂಟ್, ಇಟ್ಟು 12 ವೋಲ್ಟಿಗೆ ಇಳಿಸಿದೆ. ಒಂದೇ ಬ್ಯಾಟರಿಯಿಂದ 12ಕ್ಕೆ ಇಳಿಸಲು ಹೊರಟರೆ ಕನ್ವರ್ಟರಿಗೆ ಉಸಿರಾಡಲು ಜಾಗವಿರುವುದಿಲ್ಲ. ಒಳಗೆ ಬರುವ ವೋಲ್ಟೇಜ್ ಹೊರಗೆ ಹೋಗುವುದಕ್ಕಿಂತ ಸಾಕಷ್ಟು ಮೇಲಿರಲೇಬೇಕು. ಈಗ ಬ್ಯಾಟರಿ ಎಷ್ಟು ದಣಿದರೂ ಪಟ್ಟಿಗೆ ತಲುಪುವುದು ಅದೇ 12. ಹೊಳಪು ತಗ್ಗಿಸಲು ಅಗ್ಗದ ಡಿಮ್ಮರ್ ಹಾಕಬೇಡಿ, ದೀಪದ ಮುಂದೆ ಬಟರ್ ಪೇಪರ್ ಕಟ್ಟಿ. ಆಮೇಲೂ ನಕ್ಷೆಯಲ್ಲಿ ಒಂದೆರಡು ಸಣ್ಣ ಉಬ್ಬು ಉಳಿದಿದ್ದವು. ಅವು ನನ್ನ ಬಿಳಿ ಅಂಗಿಯಿಂದ ಚಿಮ್ಮಿದ ಬೆಳಕು. ಕಪ್ಪು ಅಂಗಿ ತೊಟ್ಟು, ಗುಂಡಿ ಒತ್ತುವಾಗ ನೆಲದ ಗುರುತಿನ ಮೇಲೇ ನಿಂತದ್ದಕ್ಕೆ ಅವೂ ಹೋದವು.

ಬೆಳಕು ನಿಂತ ಮೇಲೆಯೇ ಏಟಿನ ಭಾರ ಕಣ್ಣಿಗೆ ಬಿತ್ತು. ಒನಕೆ ಮೇಲೇರಲು ಎಂಟು ಚಿತ್ರ, ತುದಿಯಲ್ಲಿ ಮೂರು ಚಿತ್ರ ತಡೆ, ಇಳಿಯಲು ಎರಡೇ ಎರಡು, ಬಿದ್ದ ಮೇಲೆ ಮತ್ತೆ ನಾಲ್ಕು ಚಿತ್ರ ಅಲುಗದೆ ನಿಲ್ಲುವುದು. ಆ ತಡೆಯಲ್ಲಿ ಅವಳು ಉಸಿರು ಹಿಡಿದಿದ್ದಾಳೆ ಎಂದು ನೋಡುವವರಿಗೆ ಅನ್ನಿಸಬೇಕು. ಬಂಡೆ ಮಿನುಗುತ್ತಿದ್ದಾಗ ಈ ತಡೆ ಯಾರಿಗೂ ಕಾಣುತ್ತಿರಲಿಲ್ಲ, ನನಗೂ ಸಹ.

ಇದರ ನಡುವೆಯೇ ತಲೆ ಕೋಟೆಯೊಳಗಿನ ಅಕ್ಕ ತಂಗಿಯರ ಹೊಂಡದ ಕಡೆಗೆ ಓಡುತ್ತಿದೆ. ಮುಂದಿನ ಚಿತ್ರ ಅದೇ. ನಿಜವಾದ ನೀರು ಗೊಂಬೆಯ ಅಳತೆಗೆ ಕುಗ್ಗುವುದಿಲ್ಲ. ಹನಿ ಗೊಂಬೆಯ ತಲೆಯಷ್ಟು ದಪ್ಪ ಕಾಣುತ್ತದೆ, ಅಲೆಯನ್ನು ಚಿತ್ರದಿಂದ ಚಿತ್ರಕ್ಕೆ ಹಿಡಿದು ನಿಲ್ಲಿಸಲೂ ಆಗದು. ಪಾರದರ್ಶಕ ಹಾಳೆಯನ್ನು ಸುಕ್ಕುಗಟ್ಟಿಸಿ ಚೂರುಚೂರೇ ಸರಿಸುವುದು, ಹನಿಗಳಿಗೆ ಬೇಗ ಒಣಗದ ಗ್ಲಿಸರಿನ್ ಬಳಸುವುದು ಎಂದು ಯೋಚಿಸಿದ್ದೇನೆ. ತಟ್ಟೆಯಲ್ಲಿ ಪ್ರಯೋಗ ಆಗಲೇ ಶುರುವಾಗಿದೆ.

ಅದಕ್ಕೆ ಮೊದಲು ಇಲ್ಲಿ ಇನ್ನೂ ಸಿಪಾಯಿಗಳು ಬೇಕು. ಹೈದರಾಲಿಯ ಕಡೆಯವರು ಒಬ್ಬೊಬ್ಬರಾಗಿ ನುಸುಳಿ ಬರಬೇಕು, ಊಟ ಮುಗಿಸಿ ಮರಳುವ ಓಬವ್ವನ ಗಂಡ ಮುದ್ದಹನುಮನಿಗೆ ಕಹಳೆಯೂ ಆಗಬೇಕು. ವೈಂಡಿಂಗ್ ಅಂಗಡಿಯ ಸುರುಳಿ ಮುಗಿಯುತ್ತ ಬಂದಿದೆ, ಆ ಹಿರಿಯರಲ್ಲಿ ಮತ್ತೆ ಪುಕ್ಕಟೆ ಕೇಳಲು ಮನಸ್ಸಿಲ್ಲ. ದಾವಣಗೆರೆಯಲ್ಲಾಗಲಿ ದುರ್ಗದಲ್ಲಾಗಲಿ ಒಂದೂವರೆ ಮಿ.ಮೀ.ನ ಮೆತ್ತನೆ ಅಲ್ಯೂಮಿನಿಯಂ ತಂತಿಯನ್ನು ಕಿಲೋ ಲೆಕ್ಕದಲ್ಲಿ ಕೊಡುವ ಅಂಗಡಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.