ಅಷ್ಟು ಸ್ವಲ್ಪ ಜನ ಆಡುವ ಭಾಷೆಗೆ ದುಡ್ಡು ಯಾಕೆ ಎಂದು ಕೇಳುವವರಿಗೆ

"ಅಲ್ಲ, ಆ ಭಾಷೆ ಆಡುವವರೇ ನಾಲ್ಕು ಜನ. ಅದಕ್ಕೆ ಯಾಕೆ ದುಡ್ಡು ಸುರಿಯುತ್ತೀರಿ?"

ಮದುವೆ ಮನೆಯ ಪಂಕ್ತಿಯಲ್ಲಿ, ರೈಲಿನಲ್ಲಿ, ದೊಡ್ಡ ಕಚೇರಿಗಳ ಮೇಜಿನ ಆಚೆಯಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಡೆಯ ಹಾಡಿಗಳಲ್ಲಿ, ಅಂದರೆ ಕಾಡಂಚಿನ ಆದಿವಾಸಿಗಳ ಪುಟ್ಟ ಊರುಗಳಲ್ಲಿ, ಜೇನು ಕುರುಬರ ಹಿರಿಯರು ಸಂಜೆ ಹೊತ್ತು ಮಕ್ಕಳನ್ನು ಕೂರಿಸಿಕೊಂಡು ತಮ್ಮ ಮಾತಿನಲ್ಲೇ ಕಥೆ, ಹಾಡು, ಕಾಡಿನ ವಿದ್ಯೆ ಕಲಿಸುವ ಕೂಟಗಳಿವೆ. ಅವುಗಳಿಗೆ ಹಣ ಹೊಂದಿಸುವುದು ನನ್ನ ಕೆಲಸ. ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಮೊದಲು ಲೆಕ್ಕ, ಏಕೆಂದರೆ ಕೇಳುವವರಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ 2025-26ಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಹಾಡಿಯ ಒಬ್ಬ ಹಿರಿಯರಿಗೂ ಅವರ ಜೊತೆ ನಿಲ್ಲುವ ಒಬ್ಬ ಯುವತಿಗೂ ವರ್ಷದಲ್ಲಿ 250 ದಿನ ಅದೇ ದರದಲ್ಲಿ ಕೊಟ್ಟರೆ 1,85,000 ರೂಪಾಯಿ ಆಗುತ್ತದೆ. ಮಕ್ಕಳಿಗೆ ತಿಂಡಿ, ಕೂರಲು ಚಾಪೆ, ಮಳೆಗಾಲಕ್ಕೆ ಮೇಲೆ ತಗಡು ಎಲ್ಲ ಸೇರಿಸಿದರೂ ಎರಡೂವರೆ ಲಕ್ಷದೊಳಗೆ ಒಂದು ಹಾಡಿಯ ಒಂದು ವರ್ಷ ಮುಗಿಯುತ್ತದೆ. ಸುರಿಯುವಷ್ಟು ದುಡ್ಡನ್ನು ಈ ಕೆಲಸದಲ್ಲಿ ನಾನು ಕಂಡಿಲ್ಲ.

"ಅಜ್ಜಿ ತನ್ನ ಮೊಮ್ಮಕ್ಕಳ ಜೊತೆ ಮಾತನಾಡಲು ಕೂಲಿ ಯಾಕೆ?" ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಕಾಡಿನೊಳಗೆ ಇದ್ದಾಗ ಬೇಕಿರಲಿಲ್ಲ. ಜೇನು ಕೀಳಲು, ಗೆಡ್ಡೆ ಅಗೆಯಲು, ಹೊಳೆಗೆ ಹೋಗಲು ಮಕ್ಕಳು ದೊಡ್ಡವರ ಹಿಂದೆಯೇ ಇರುತ್ತಿದ್ದರು. ಮಾತು ತಾನಾಗಿ ಹತ್ತುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾಗರಹೊಳೆ, ಬಂಡೀಪುರದ ಒಳಗಿನಿಂದ ಎಷ್ಟೋ ಕುಟುಂಬಗಳನ್ನು ಎಬ್ಬಿಸಿ ಅಂಚಿಗೆ ತಂದು ಕೂರಿಸಲಾಯಿತು. ಈಗ ಕಾಫಿ ಕೊಯ್ಲಿನ ಕಾಲಕ್ಕೆ ದೊಡ್ಡವರು ಕೊಡಗಿನ ತೋಟಗಳ ಲೈನ್ ಮನೆಗಳಲ್ಲಿ ಇರುತ್ತಾರೆ, ಮಕ್ಕಳು ಸರ್ಕಾರದ ವಸತಿ ಶಾಲೆಯಾದ ಆಶ್ರಮ ಶಾಲೆಯಲ್ಲಿ ಇರುತ್ತಾರೆ. ಹಾಡಿಯಲ್ಲಿ ಉಳಿದ ಅಜ್ಜಿಯೂ ಕೂಲಿಗೆ ಹೋಗದಿದ್ದರೆ ಅವತ್ತಿನ ಅನ್ನ ಹುಟ್ಟುವುದಿಲ್ಲ. ಆಕೆಯ ಒಂದು ದಿನವನ್ನು ನಾವು ಕೇಳುವುದಾದರೆ ಆ ದಿನದ ಗಳಿಕೆಯನ್ನು ತುಂಬಿಕೊಡಬೇಕು. ಭಾಷೆ ಉಳಿಸುವ ಖರ್ಚು ಎಂದರೆ ಬಹುಪಾಲು ಇಷ್ಟೇ: ಬಡತನ ಬೇರೆ ಬೇರೆ ಕಡೆಗೆ ಎಳೆದೊಯ್ದ ಅಜ್ಜಿಯನ್ನೂ ಮಗುವನ್ನೂ ದಿನಕ್ಕೆ ಎರಡು ಗಂಟೆ ಒಂದೆಡೆ ಕೂರಿಸುವ ಖರ್ಚು.

ಇನ್ನು "ನಾಲ್ಕು ಜನ". 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೇನು ಕುರುಬರು ಸುಮಾರು 36 ಸಾವಿರ, ಸೋಲಿಗರು ಸುಮಾರು 34 ಸಾವಿರ, ಕೊರಗರು ಸುಮಾರು 15 ಸಾವಿರ. ಇದು ಸಮುದಾಯದ ಲೆಕ್ಕ. ಇವರಲ್ಲಿ ಮನೆಮಾತನ್ನು ಎಷ್ಟು ಜನ ಆಡುತ್ತಾರೆ ಎಂದು ಜನಗಣತಿಯ ಭಾಷಾ ಪಟ್ಟಿಯಲ್ಲಿ ಹುಡುಕಲು ಹೋದರೆ ಗೋಡೆಗೆ ತಲೆ ತಾಗುತ್ತದೆ. 2011ರಲ್ಲಿ ಜನ ಬರೆಸಿದ ಮಾತೃಭಾಷೆಯ ಹೆಸರುಗಳು 19,569. ಅವನ್ನು ಸೋಸಿ 1,369 ಮಾಡಿದರು, ಗುಂಪುಗೂಡಿಸಿ ಕೊನೆಗೆ 121 ಭಾಷೆಗಳನ್ನು ಪ್ರಕಟಿಸಿದರು. 1971ರ ಜನಗಣತಿಯಿಂದ ಈಚೆಗೆ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಮಾತಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಹೆಸರಿಲ್ಲ, "ಇತರೆ" ಎಂಬ ಸಾಲಿನಲ್ಲಿ ಕರಗಿ ಹೋಗುತ್ತದೆ. ಕುರುಬ/ಕುರುಂಬ ಎಂದು ಬರೆಸಿದ 24 ಸಾವಿರ ಜನ ಎಲ್ಲಿದ್ದಾರೆ ಗೊತ್ತೇ? ಕನ್ನಡದ ಕೆಳಗೆ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ 4.37 ಕೋಟಿ ಕನ್ನಡಿಗರ ಲೆಕ್ಕದಲ್ಲಿ ಅವರೂ ಸೇರಿದ್ದಾರೆ, ನೀಲಗಿರಿಯ ಬಡಗರೂ ಸೇರಿದ್ದಾರೆ. ನಮ್ಮ ಸಂಖ್ಯೆ ದೊಡ್ಡದಾಗಿ ಕಾಣಲು ಅವರು ಬೇಕು. ಅವರ ಮಕ್ಕಳ ಮಾತಿಗೆ ಎರಡೂವರೆ ಲಕ್ಷ ಕೇಳಿದರೆ "ನಾಲ್ಕು ಜನ" ಆಗಿಬಿಡುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ.

"ಅದು ಕನ್ನಡದ ಉಪಭಾಷೆ ತಾನೇ?" ಎನ್ನುವ ಪಂಡಿತರು ಪ್ರತಿ ಸಭೆಯಲ್ಲೂ ಒಬ್ಬರು ಇರುತ್ತಾರೆ. ಭಾಷಾವಿಜ್ಞಾನಿಗಳು ಆ ಚರ್ಚೆಯನ್ನು ಮುಂದುವರಿಸಲಿ, ಅದು ಅವರ ಕೆಲಸ. ಆಶ್ರಮ ಶಾಲೆಯ ಒಂದನೇ ತರಗತಿಯಲ್ಲಿ ಮೇಷ್ಟ್ರು ಕೇಳಿದ್ದು ಅರ್ಥವಾಗದೆ ನೆಲ ನೋಡುತ್ತಾ ಕೂತ ಆರು ವರ್ಷದ ಮಗುವಿಗೆ ಆ ವರ್ಗೀಕರಣದಿಂದ ಏನೂ ಆಗಬೇಕಿಲ್ಲ. ಅದು ಮಾತನಾಡುವುದನ್ನು ನಿಲ್ಲಿಸುತ್ತದೆ, ಕೆಲವು ತಿಂಗಳ ನಂತರ ಶಾಲೆಗೆ ಬರುವುದನ್ನೂ ನಿಲ್ಲಿಸುತ್ತದೆ. ಆಗ "ಆದಿವಾಸಿಗಳಿಗೆ ಓದಿನಲ್ಲಿ ಆಸಕ್ತಿ ಇಲ್ಲ" ಎಂದು ವರದಿ ಬರೆಯುವವರು ಬರುತ್ತಾರೆ.

ಶೌಚಾಲಯದ ಮಾತೂ ಬರುತ್ತದೆ. "ಅದೇ ದುಡ್ಡಿನಲ್ಲಿ ಶೌಚಾಲಯ ಕಟ್ಟಿಸಬಹುದಿತ್ತಲ್ಲ, ರಸ್ತೆ ಮಾಡಿಸಬಹುದಿತ್ತಲ್ಲ?" ಖಂಡಿತ ಕಟ್ಟಿಸಬೇಕು, ಮಾಡಿಸಬೇಕು. ಅದು ಸರ್ಕಾರದ ಕರ್ತವ್ಯ, ಅದಕ್ಕೆ ಬೇರೆ ಯೋಜನೆಗಳಿವೆ, ಬೇರೆ ಹಣವಿದೆ. ಆದರೆ ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದ ಜನರಿಗೆ ಮೊದಲು ನಿಮ್ಮೂರಿನ ಚರಂಡಿ ಸರಿ ಮಾಡಿಕೊಳ್ಳಿ ಎಂದು ಯಾರಾದರೂ ಹೇಳಿದ್ದರೆ ನಮಗೆ ಹೇಗಾಗುತ್ತಿತ್ತು? 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಾಗ ಸಿಹಿ ಹಂಚಿದವರು ಊರಿನ ರಸ್ತೆಗಳೆಲ್ಲ ನೆಟ್ಟಗಾಗಲಿ ಎಂದು ಕಾದಿರಲಿಲ್ಲ, ಕಾಯಬೇಕಾಗಿಯೂ ಇರಲಿಲ್ಲ. ಅನ್ನ ಮತ್ತು ಮಾತು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ನಾವು ನಮಗೆ ಹೇಳಿಕೊಳ್ಳುವುದಿಲ್ಲ. ಹಾಡಿಯವರಿಗೆ ಮಾತ್ರ ಹೇಳುತ್ತೇವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಬೇಕು ಎಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ.

"ಅವರಿಗೇ ಇಂಗ್ಲಿಷ್ ಬೇಕು" ಎಂಬ ವಾದವೂ ಇದೆ. ಬೇಕು, ನಿಜ. ತಮ್ಮ ಮಾತೂ ಬೇಕು. ಒಡಿಶಾ ಸರ್ಕಾರ 2006-07ರ ಹೊತ್ತಿಗೆ ಹತ್ತು ಬುಡಕಟ್ಟು ಭಾಷೆಗಳಲ್ಲಿ ಬಹುಭಾಷಾ ಶಿಕ್ಷಣ ಆರಂಭಿಸಿ ಮುಂದೆ ಅದನ್ನು 21 ಭಾಷೆಗಳಿಗೆ ವಿಸ್ತರಿಸಿತು. ಅಲ್ಲಿ ಮಗು ಮನೆಮಾತಿನಿಂದ ಶುರು ಮಾಡಿ ಒಡಿಯಾಕ್ಕೂ ಇಂಗ್ಲಿಷಿಗೂ ದಾಟಬೇಕು ಎಂಬುದೇ ಯೋಜನೆ. ಎರಡೂ ಒಟ್ಟಿಗೆ ಸಾಧ್ಯ ಎಂದು ಪಕ್ಕದ ಪಕ್ಕದ ರಾಜ್ಯವೇ ಒಪ್ಪಿಕೊಂಡಿದೆ.

ಒಂದು ಸಭೆಯನ್ನು ಮಾತ್ರ ನಾನು ಮರೆಯಲಾರೆ. ಬೆಂಗಳೂರಿನ ಒಂದು ಕಂಪನಿಯ ಸಾಮಾಜಿಕ ಹೊಣೆಗಾರಿಕೆ ನಿಧಿಯ ಸಮಿತಿ ನಮ್ಮನ್ನು ಕರೆದಿತ್ತು. ನನ್ನ ಜೊತೆ ಹಾಡಿಯಿಂದ ಒಬ್ಬ ಅಜ್ಜಿ ಬಂದಿದ್ದರು. ಅವರ ಊರಿನ ಕೂಟ ನಡೆಸುವವರು ಅವರೇ. ಸಮಿತಿಯವರು ಪ್ರಶ್ನೆಗಳನ್ನೆಲ್ಲ ನನಗೇ ಕೇಳಿದರು. ಲಿಪಿ ಇದೆಯೇ? ಇಲ್ಲ, ಕನ್ನಡ ಲಿಪಿ ಸಾಕಾಗುತ್ತದೆ. ಮೊಬೈಲ್ ಆ್ಯಪ್ ಮಾಡುತ್ತೀರಾ? ಇಲ್ಲ. ಮೂರು ವರ್ಷದಲ್ಲಿ ಸ್ವಾವಲಂಬಿ ಆಗುತ್ತದೆಯೇ? ಪುಟ್ಟ ಮಕ್ಕಳ ಕೂಟ ಯಾವ ಸಂಪಾದನೆಯಿಂದ ಸ್ವಾವಲಂಬಿ ಆಗಬೇಕು ಎಂದು ನಾನು ತಿರುಗಿ ಕೇಳಿದೆ. ಸಭೆ ಬಿಗಿಯಾಯಿತು. ಆಗ ಒಬ್ಬರು, ಬಹುಶಃ ವಾತಾವರಣ ಹಗುರ ಮಾಡಲೆಂದು, ಅಜ್ಜಿಯ ಕಡೆ ತಿರುಗಿ "ಅಜ್ಜಿ, ನಿಮಗೆ ಕನ್ನಡ ಚೆನ್ನಾಗಿಯೇ ಬರುತ್ತದಲ್ಲ, ಮತ್ತೇನು ತೊಂದರೆ?" ಎಂದರು.

"ಬರುತ್ತದೆ ಸಾರ್. ಸಂತೆಯಲ್ಲಿ ವ್ಯಾಪಾರ ಮಾಡಲು ಬರುತ್ತದೆ, ಫಾರೆಸ್ಟರ್ ಹತ್ತಿರ ಮಾತನಾಡಲು ಬರುತ್ತದೆ. ಮಗು ಮಲಗಿಸಲು ಬರುವುದಿಲ್ಲ" ಎಂದರು ಅಜ್ಜಿ. ಆಮೇಲೆ ಮೇಜಿನ ಮೇಲಿದ್ದ ಬಿಸ್ಕತ್ತಿನ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಮೊಮ್ಮಕ್ಕಳಿಗೆ ಎಂದು ಹೇಳಿ ಎಲ್ಲವನ್ನೂ ಸೆರಗಿಗೆ ಕಟ್ಟಿಕೊಂಡರು. ಸಮಿತಿಯವರೂ ನಕ್ಕರು, ಅಜ್ಜಿಯೂ ನಕ್ಕರು. ಹಣ ಬರಲಿಲ್ಲ. ಕಾರಣ ಅಜ್ಜಿಯ ಉತ್ತರವಾಗಿರಲಿಲ್ಲ, ಅಳೆಯಬಹುದಾದ ಫಲಿತಾಂಶ ನಮ್ಮ ಅರ್ಜಿಯಲ್ಲಿ ಕಾಣಲಿಲ್ಲ ಎಂಬುದಾಗಿತ್ತು.

ಯಾಕೆ ದುಡ್ಡು ಎಂದು ಕೇಳುವ ಬದಲು ಯಾರ ಕೈಗೆ ದುಡ್ಡು ಎಂದು ಒಬ್ಬರಾದರೂ ಕೇಳಬಾರದೇ? ಅದಕ್ಕೆ ಎಷ್ಟು ಹೊತ್ತು ಬೇಕಾದರೂ ಕೂತು ಉತ್ತರ ಹೇಳುತ್ತೇನೆ.

ಕಂಪನಿ ಕಾಯ್ದೆಯ 135ನೇ ಕಲಮಿನ ಅಡಿಯಲ್ಲಿ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇಕಡಾ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಶಿಕ್ಷಣ, ಸಂಸ್ಕೃತಿ ಎರಡೂ ಆ ಪಟ್ಟಿಯಲ್ಲಿವೆ, ಭಾಷೆಯ ಕೆಲಸ ಅಲ್ಲಿ ಆರಾಮವಾಗಿ ಕೂರುತ್ತದೆ. ಆದರೆ ಹೊರಗಿನ ಸಂಸ್ಥೆಯೊಂದು ಆ ಹಣ ಪಡೆಯಬೇಕಾದರೆ ಆದಾಯ ತೆರಿಗೆ ಇಲಾಖೆಯಲ್ಲಿ ದತ್ತಿ ಸಂಸ್ಥೆಯೆಂಬ ನೋಂದಣಿ ಇರಬೇಕು, 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಪ್ರತ್ಯೇಕ ನೋಂದಣಿಯೂ ಬೇಕು. ಹಾಡಿಯ ಸ್ತ್ರೀಶಕ್ತಿ ಸಂಘಕ್ಕೆ ಇವು ಯಾವುವೂ ಇಲ್ಲ. ವಿದೇಶಗಳಲ್ಲಿ ಅಳಿವಿನಂಚಿನ ಭಾಷೆಗಳಿಗೆಂದೇ ಇರುವ ನಿಧಿಗಳಿಂದ ಹಣ ತರೋಣ ಎಂದರೆ ವಿದೇಶಿ ವಂತಿಗೆ ಕಾಯ್ದೆ ಅಡ್ಡ ನಿಲ್ಲುತ್ತದೆ. 2020ರ ತಿದ್ದುಪಡಿಯ ನಂತರ ಪರವಾನಗಿ ಇರುವ ಸಂಸ್ಥೆ ತಾನು ಪಡೆದ ಹಣವನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹೀಗಾಗಿ ಹಣ ಬಂದರೂ ಅದು ನಗರದ ನೋಂದಾಯಿತ ಸಂಸ್ಥೆಯ ಖಾತೆಯಲ್ಲಿ ನಿಲ್ಲುತ್ತದೆ. ಅಲ್ಲಿ ಸಂಯೋಜಕರು, ವಾಹನ, ಲೆಕ್ಕ ಪರಿಶೋಧನೆ, ಕೊನೆಗೆ ಒಂದು ನಿಘಂಟು, ಅದರ ಬಿಡುಗಡೆ ಸಮಾರಂಭ. ಭಾಷೆ ಗೊತ್ತಿರುವ ಹಿರಿಯರಿಗೆ ಶಾಲು ಹೊದಿಸಿ ಊಟ ಹಾಕಿ ಕಳಿಸುತ್ತಾರೆ.

ನಿಘಂಟು ಬೇಡ ಎನ್ನುತ್ತಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಮೂಲಕ ಕೇಂದ್ರ ಸರ್ಕಾರ 2013ರಲ್ಲಿ ಅಳಿವಿನಂಚಿನ ಭಾಷೆಗಳ ರಕ್ಷಣೆಯ ಯೋಜನೆ ಆರಂಭಿಸಿತು. ಹತ್ತು ಸಾವಿರಕ್ಕಿಂತ ಕಡಿಮೆ ಜನರಾಡುವ ಭಾಷೆಗಳಿಗಾಗಿ ಹುಟ್ಟಿದ ಅದರ ಮೊದಲ ಹಂತದಲ್ಲಿ 117 ಭಾಷೆಗಳಿದ್ದವು. ವ್ಯಾಕರಣ, ನಿಘಂಟು, ಧ್ವನಿಮುದ್ರಣ ಅದರ ಗುರಿ, ಅದು ಬೇಕಾದ ಕೆಲಸವೇ. ಕೊರಗ ಭಾಷೆಯ ವಿವರಣೆಯನ್ನು ಡಿ.ಎನ್. ಶಂಕರ ಭಟ್ಟರು 1971ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಅಂಥ ವಿದ್ವಾಂಸರು ದುಡಿಯದಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಆದರೆ ಪುಸ್ತಕ ಬಂದು ಅರ್ಧ ಶತಮಾನ ದಾಟಿದರೂ ಕೊರಗ ಭಾಷೆ ಯುನೆಸ್ಕೊದ ಅಪಾಯದ ಪಟ್ಟಿಯಲ್ಲೇ ಇದೆ. ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಲು ನಮಗೆ 2000ನೇ ಇಸವಿಯೇ ಬರಬೇಕಾಯಿತು. ಅಂಥ ಅವಮಾನ ಉಂಡ ತಾಯಿ ತನ್ನ ಮಗುವಿಗೆ ಗುರುತು ಸಿಗದಿರಲಿ ಎಂದು ತುಳುವನ್ನೋ ಕನ್ನಡವನ್ನೋ ಕಲಿಸಿದರೆ ಆಕೆಯನ್ನು ಯಾರು ಬೈಯಲು ಸಾಧ್ಯ? ಆ ಭಯ ಹೋಗಲಾಡಿಸುವ ಶಕ್ತಿ ಯಾವ ವ್ಯಾಕರಣ ಪುಸ್ತಕಕ್ಕೂ ಇಲ್ಲ. ತನ್ನ ಮಾತು ಆಡುವುದಕ್ಕೆ ಮರ್ಯಾದೆ ಇದೆ, ಸಂಬಳವೂ ಇದೆ ಎಂದು ತಾಯಿ ತನ್ನ ಊರಿನಲ್ಲೇ ಕಣ್ಣಾರೆ ಕಾಣಬೇಕು.

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳು ಇದನ್ನು ಮಾಡಿ ತೋರಿಸಿದ್ದಾರೆ. ಶಾಲೆಗೆ ಹೋಗುವ ಮೊದಲಿನ ಮಕ್ಕಳನ್ನು ಭಾಷೆ ಬಲ್ಲ ಹಿರಿಯರ ಜೊತೆ ದಿನವಿಡೀ ಬಿಡುವ 'ಕೊಹಾಂಗ ರಿಯೊ' ಮೊದಲು ತೆರೆದದ್ದು 1982ರಲ್ಲಿ, ವೈನುಯಿಯೊಮಾಟದಲ್ಲಿ. ಮೂರೇ ವರ್ಷದಲ್ಲಿ ಅಂಥವು ಮುನ್ನೂರು ದಾಟಿದವು. ನಡೆಸುತ್ತಿದ್ದವರು ತಾಯ್ತಂದೆಯರು, ಅಜ್ಜಿಯರು. 1990ರಲ್ಲಿ ಅವನ್ನು ಶಿಕ್ಷಣ ಇಲಾಖೆಯ ಕೆಳಗೆ ತಂದರು. ಮಾಮೂಲಿ ಶಿಶುವಿಹಾರಗಳಿಗೆ ಮಾಡಿದ ನಿಯಮ, ಅರ್ಹತೆ, ಅನುದಾನದ ಸೂತ್ರಗಳೇ ಇವಕ್ಕೂ ಬಂದವು. ಭಾಷೆ ಬಲ್ಲ ಅಜ್ಜಿಗಿಂತ ಪ್ರಮಾಣಪತ್ರ ಇರುವ ಶಿಕ್ಷಕಿಗೆ ಹೆಚ್ಚು ಹಣ ಸಿಗುವಂತಾಯಿತು. 1993ರ ಹೊತ್ತಿಗೆ ಎಂಟುನೂರು ದಾಟಿದ್ದ ಕೇಂದ್ರಗಳು ಆಮೇಲೆ ಇಳಿಯುತ್ತಾ ಬಂದವು. 2012ರಲ್ಲಿ ಮಾವೊರಿಗಳ ದೂರು ವಿಚಾರಿಸುವ ವೈಟಾಂಗಿ ನ್ಯಾಯಮಂಡಳಿ ಸರ್ಕಾರ ತನ್ನ ಹೊಣೆಯಲ್ಲಿ ತಪ್ಪಿದೆ ಎಂದೇ ಹೇಳಿತು. ಹಣ ನಿಂತಿರಲಿಲ್ಲ ಎಂಬುದನ್ನು ಗಮನಿಸಿ. ತೀರ್ಮಾನ ಮಾಡುವ ಕೈ ಬದಲಾಗಿತ್ತು.

ಅಮೆರಿಕದ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು 1990ರ ದಶಕದ ಆರಂಭದಲ್ಲಿ ಇನ್ನೂ ಸರಳವಾದ ದಾರಿ ಹಿಡಿದರು. ಭಾಷೆ ಬಲ್ಲ ಒಬ್ಬ ಹಿರಿಯರು, ಕಲಿಯಬೇಕೆಂಬ ಒಬ್ಬ ಕಿರಿಯರು, ನೂರಾರು ಗಂಟೆ ಜೊತೆಗಿದ್ದು ಅಡುಗೆ, ತಿರುಗಾಟ, ಮನೆಗೆಲಸ ಎಲ್ಲವನ್ನೂ ಅದೇ ಮಾತಿನಲ್ಲಿ ಮಾಡುವುದು, ಇಬ್ಬರಿಗೂ ಸಂಭಾವನೆ. ಕಟ್ಟಡವಿಲ್ಲ, ಸಮಾರಂಭವಿಲ್ಲ.

ಕೊಡುವ ಮನಸ್ಸಿರುವವರಿಗೆ ನನ್ನ ಕೋರಿಕೆಗಳು ಇವು. ಕಾನೂನು ಇರುವಂತೆಯೇ ಇರುವಾಗ ಹಣ ನೋಂದಾಯಿತ ಸಂಸ್ಥೆಯ ಮೂಲಕವೇ ಬರಲಿ, ಆದರೆ ಅದರಲ್ಲಿ ಎಷ್ಟು ಪಾಲು ಹಾಡಿಯ ಜನರ ಕೈಗೆ ಸಂಭಾವನೆಯಾಗಿ ಹೋಗಬೇಕು ಎಂಬುದನ್ನು ಒಪ್ಪಂದದಲ್ಲೇ ಬರೆಸಿ. ಯಾರನ್ನು ಕಲಿಸಲು ಕೂರಿಸಬೇಕು ಎಂಬುದನ್ನು ಹಾಡಿಯ ಗ್ರಾಮಸಭೆ ತೀರ್ಮಾನಿಸಲಿ. ಅರ್ಜಿ ಕನ್ನಡದಲ್ಲಿರಲಿ, ಓದು ಬರಹ ಬಾರದವರು ಬಾಯಲ್ಲಿ ಹೇಳಿದ್ದನ್ನು ಧ್ವನಿ ಮುದ್ರಿಸಿಕೊಂಡು ಅದನ್ನೇ ಅರ್ಜಿ ಎಂದು ಸ್ವೀಕರಿಸಿ. ಧ್ವನಿ ಮುದ್ರಿಸಿದ ಹಾಡು, ಕಥೆಗಳ ಒಂದು ಪ್ರತಿ ಹಾಡಿಯಲ್ಲೇ ಉಳಿಯಲಿ, ಹೊರಗೆ ಯಾರಿಗೆ ಕೊಡಬೇಕೆಂದು ಅವರೇ ಹೇಳಲಿ. ಅಳೆಯಲೇಬೇಕು ಎಂದರೆ ವರ್ಷಕ್ಕೊಮ್ಮೆ ಬಂದು ಮಕ್ಕಳು ತಮ್ಮ ತಮ್ಮಲ್ಲಿ ಆಡುವಾಗ, ಜಗಳವಾಡುವಾಗ ಯಾವ ಮಾತು ಬಳಸುತ್ತಾರೆ ಎಂದು ದೂರ ನಿಂತು ಕೇಳಿ. ಮತ್ತು ಮೂರು ವರ್ಷಕ್ಕೆ ಕೊಡಬೇಡಿ. ಮೂರನೇ ವಯಸ್ಸಿಗೆ ಕೂಟಕ್ಕೆ ಬಂದ ಮಗು ಆರನೇ ವಯಸ್ಸಿಗೆ ಆಶ್ರಮ ಶಾಲೆಯ ಹಾಸ್ಟೆಲಿಗೆ ಹೋಗುತ್ತದೆ, ಮನೆಮಾತು ನಿಜವಾಗಿ ಕಳಚುವುದು ಆಗಲೇ. ಹತ್ತು ವರ್ಷ ಕೊಡುವುದಾದರೆ ಎರಡೂವರೆ ಲಕ್ಷದಂತೆ ಇಪ್ಪತ್ತೈದು ಲಕ್ಷ, ಒಂದು ಹಾಡಿಗೆ. ಲೆಕ್ಕ ಬೇಕಾದವರು ಕೇಳಿ, ಕೂಲಿ ಪಟ್ಟಿಯ ಸಮೇತ ಕಳಿಸಿಕೊಡುತ್ತೇನೆ.