ಹೆಬ್ಬೆಟ್ಟು ಸರಿ ಬಿದ್ದಿಲ್ಲ, ಇನ್ನೊಂದ್ಸಲ ಇಡಿ

2017ರಲ್ಲಿ ಸಾಗರದಲ್ಲಿ ಒಂದು ಮೊಬೈಲ್ ಅಂಗಡೀಲಿ ಕೆಲಸಕ್ಕಿದ್ದೆ, ಯಾವ ಅಂಗಡಿ ಅಂತ ಕೇಳ್ಬೇಡಿ. ಆ ವರ್ಷ ಮಾರ್ಚ್‌ನಲ್ಲಿ ಟೆಲಿಕಾಂ ಇಲಾಖೆ ಹಳೇ ಸಿಮ್ಮಿಗೂ ಆಧಾರ್ ವೆರಿಫಿಕೇಶನ್ ಆಗ್ಬೇಕು ಅಂತ ಸರ್ಕ್ಯುಲರ್ ಹೊರಡಿಸಿದ್ದೇ ತಡ, ಲಿಂಕ್ ಮಾಡಿಸ್ಕೊಳ್ಳಿ ಅಂತ ದಿನಾ ಮೆಸೇಜು, ಜನ ರೇಷನ್ ಕ್ಯೂ ತರ ಅಂಗಡಿ ಮುಂದೆ. ಯಾಕಪ್ಪ ಇದು ಅಂತ ಯಾರಾದ್ರೂ ಕೇಳಿದ್ರೆ "ಟೆರರಿಸ್ಟ್‌ಗಳನ್ನ ಹಿಡಿಯೋಕೆ, ಸುಪ್ರೀಂ ಕೋರ್ಟ್ ಆರ್ಡರ್ ಆಗಿದೆ" ಅಂತ ನಾವೇ ಜೋರಾಗಿ ಹೇಳ್ತಿದ್ವಿ. ಮುಂದಿನ ವರ್ಷ ಕೋರ್ಟೇ ನಾವು ಹಂಗೆ ಆರ್ಡರ್ ಮಾಡೇ ಇರ್ಲಿಲ್ಲ ಅಂತು.

ಅಡಿಕೆ ಸುಲಿಯೋ ಟೈಮಲ್ಲಿ ಅಂತೂ ನಮ್ಮ ಸ್ಕ್ಯಾನರ್ ಕೆಲಸಕ್ಕೇ ಬರ್ತಿರ್ಲಿಲ್ಲ. ರಾತ್ರಿ ಇಡೀ ಮೆಟ್ಗತ್ತಿ ಮೇಲೆ ಕೂತು ಸುಲಿದು ಬಂದ ಹೆಂಗಸರ ಬೆರಳು ಕಪ್ಪಾಗಿ, ಸಿಪ್ಪೆ ಎದ್ದು, ಗೆರೆಯೇ ಇರ್ತಿರ್ಲಿಲ್ಲ. ಒಬ್ಬಮ್ಮ ಹತ್ತೂ ಬೆರಳು ಇಟ್ಟು ನೋಡಿದ್ರು, ಸೆರಗಲ್ಲಿ ಒರೆಸಿ ಒರೆಸಿ ಮತ್ತೆ ಇಟ್ರು, ಆಗ್ಲಿಲ್ಲ. "ತಮ್ಮಾ, ಹಂಗಾರೆ ನಾನು ನಾನಲ್ವಾ?" ಅಂತ ನಗ್ತಾ ಕೇಳಿದ್ರು. ನಾನೂ ನಕ್ಕೆ.

ಇನ್ನೊಂದು ಕಡೆ, ಬೆರಳು ಚೆನ್ನಾಗಿ ಬೀಳೋರದ್ದು ಬೇರೆ ಕಥೆ. ಟಾರ್ಗೆಟ್ ಅಂತ ಇರ್ತಿತ್ತು, ತಿಂಗಳ ಕೊನೆಗೆ ಇಷ್ಟು ಹೊಸ ಆಕ್ಟಿವೇಶನ್ ಆಗ್ಬೇಕು. ಹಂಗಾಗಿ ಒಂದು ಸಲ ಬೆರಳು ಸರಿಯಾಗಿ ಬಿದ್ರೂ "ಬಿದ್ದಿಲ್ಲ, ಇನ್ನೊಂದ್ಸಲ ಇಡಿ" ಅನ್ನೋದು, ಎರಡನೇದ್ರಲ್ಲಿ ಅವರ ಹೆಸರಲ್ಲೇ ಇನ್ನೊಂದು ಸಿಮ್ ಎಬ್ಬಿಸೋದು. ಅಂಗಡೀಲಿದ್ದ ಮೂರು ಜನಕ್ಕೂ ಒಂದೇ ಲಾಗಿನ್, ಓನರ್‌ದು. ನಾನು ಮಾಡ್ಲಿಲ್ಲ ಅಂತ ಸುಳ್ಳು ಹೇಳಲ್ಲ, ಮಾಡಿದೀನಿ.

ಒಂದಿನ ಬೇರೆ ಜಿಲ್ಲೆ ಪೊಲೀಸರು ಬಂದ್ರು. ಯಾವುದೋ ಚೀಟಿಂಗ್ ಕೇಸಲ್ಲಿ ಬಳಸಿದ ನಂಬರ್ ನಮ್ಮೂರಿನ ಒಬ್ಬ ಗೂಡ್ಸ್ ಆಟೋ ಡ್ರೈವರ್ ಹೆಸರಲ್ಲಿತ್ತು. ಅವನಿಗೆ ಆ ನಂಬರ್ ಇದೆ ಅಂತಾನೇ ಗೊತ್ತಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೂ ಸ್ಟೇಷನ್ ಬೆಂಚ್ ಮೇಲೆ ಕೂರಿಸಿದ್ರು, ಕೇಳಿದ್ದೇ ಕೇಳೋದು, "ಹೆಬ್ಬೆಟ್ಟು ನಿಂದೇ ಅಲ್ವೇನೋ?" ಹೆಬ್ಬೆಟ್ಟು ಅವನದ್ದೇ. ಅದನ್ನ ಎರಡನೇ ಸಲ ಯಾರು ಒತ್ತಿಸಿದ್ರು ಅಂತ ಮಾತ್ರ ಯಾವ ರೆಕಾರ್ಡಲ್ಲೂ ಇಲ್ಲ, ಎಲ್ಲಾ ಓನರ್ ಲಾಗಿನ್. ನಾನಾ ಜೊತೆಯವನಾ ಅಂತ ನಮಗೇ ನೆನಪಿರ್ಲಿಲ್ಲ ನೋಡಿ. ಓನರ್ ಹೋಗಿ ಏನೋ ಮಾತಾಡಿ ಬಿಡಿಸ್ಕೊಂಡು ಬಂದ್ರು. ನಾನು ಮರುತಿಂಗಳೇ ಕೆಲಸ ಬಿಟ್ಟೆ.

ಅದು ಚೀಟಿಂಗ್ ಕೇಸಾಗಿದ್ದಕ್ಕೆ ಸಂಜೆಗೆ ಮುಗೀತು. ಬೇರೆ ಸೆಕ್ಷನ್ ಆಗಿದ್ರೆ? ಡಾಕ್ಟರ್ ಹನೀಫ್ ಕೇಸ್ ಕೆಲವರಿಗಾದ್ರೂ ನೆನಪಿರ್ಬೇಕು, ಬೆಂಗಳೂರಲ್ಲಿ ಎಂಬಿಬಿಎಸ್ ಓದಿ ಆಸ್ಟ್ರೇಲಿಯಾದ ಆಸ್ಪತ್ರೇಲಿ ಕೆಲಸ ಮಾಡ್ತಿದ್ದೋರು. ಇಂಗ್ಲೆಂಡ್ ಬಿಡುವಾಗ ತಮ್ಮ ಸಿಮ್ಮನ್ನ ಸಂಬಂಧಿಗೆ ಕೊಟ್ಟು ಬಂದಿದ್ರು, ಅಷ್ಟೇ. 2007ರ ಜುಲೈ 2ಕ್ಕೆ ಬ್ರಿಸ್ಬೇನ್ ಏರ್‌ಪೋರ್ಟಲ್ಲಿ ಹಿಡಿದ್ರು, ಅಲ್ಲಿನ ಭಯೋತ್ಪಾದನಾ ವಿರೋಧಿ ಕಾನೂನಲ್ಲಿ ಚಾರ್ಜೇ ಹಾಕದೆ 12 ದಿನ ಇಟ್ಕೊಂಡ್ರು. ಗ್ಲಾಸ್ಗೋ ಏರ್‌ಪೋರ್ಟ್ ಮೇಲಿನ ದಾಳೀಲಿ ಉರಿದ ಜೀಪಲ್ಲೇ ಆ ಸಿಮ್ ಸಿಕ್ತು ಅಂತ ಕೋರ್ಟಿಗೂ ಹೇಳಿದ್ರು, ನೋಡಿದ್ರೆ ಅದು ಸಿಕ್ಕಿದ್ದು ಲಿವರ್‌ಪೂಲಲ್ಲಿ. ಜುಲೈ 27ಕ್ಕೆ ಕೇಸ್ ವಾಪಸ್ ತಗೊಂಡ್ರು, 2010ರಲ್ಲಿ ಪರಿಹಾರಾನೂ ಕೊಟ್ರು. ನಮ್ಮಲ್ಲಿ ಯುಎಪಿಎ, ಅಂದ್ರೆ ನಮ್ಮ ಭಯೋತ್ಪಾದನಾ ವಿರೋಧಿ ಕಾನೂನಲ್ಲಿ, ಚಾರ್ಜ್‌ಶೀಟ್ ಹಾಕೋಕೇ 180 ದಿನದವರೆಗೆ ತಗೋಬಹುದು, ಅದರ ಸೆಕ್ಷನ್ 43ಡಿ(5) ಇರೋದ್ರಿಂದ ಮೇಲ್ನೋಟಕ್ಕೆ ಆರೋಪ ನಿಜ ಅನ್ನಿಸಿದ್ರೆ ಜಾಮೀನೂ ಇಲ್ಲ. ಅಂಥದ್ರಲ್ಲಿ ನಮ್ಮ ಆಟೋದವನು ಎಲ್ಲಿರ್ತಿದ್ದ ಅಂತ ಯೋಚನೆ ಮಾಡಿದ್ರೆ ಈಗ್ಲೂ ನಿದ್ದೆ ಹಾಳಾಗುತ್ತೆ.

ಆಧಾರ್ ವಿರುದ್ಧ 2012ರಲ್ಲೇ ಕೋರ್ಟಿಗೆ ಹೋದ ಜಸ್ಟೀಸ್ ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಲ್ಲೇ ಜಡ್ಜ್ ಆಗಿದ್ದೋರು, ಆಗ್ಲೇ ಎಂಬತ್ತು ದಾಟಿತ್ತು. ಅವರ ಕೇಸಿಂದ್ಲೇ 2017ರ ಆಗಸ್ಟ್‌ನಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತಾಯ್ತು, 2018ರ ಸೆಪ್ಟೆಂಬರ್ 26ಕ್ಕೆ ಸಿಮ್ ಲಿಂಕ್ ಸರ್ಕ್ಯುಲರೂ ರದ್ದಾಯ್ತು. ನಾವು ಕೌಂಟರಲ್ಲಿ ಬೆರಳು ಒತ್ತಿಸ್ತಿದ್ದಾಗ್ಲೇ ಆ ಕೇಸ್ ನಡೀತಿತ್ತು, ನಂಗೆ ಅವರ ಹೆಸರೂ ಗೊತ್ತಿರ್ಲಿಲ್ಲ. ಆದ್ರೆ 2019ರ ಆಧಾರ್ ಕಾಯ್ದೆ ತಿದ್ದುಪಡೀಲಿ ಸ್ವಇಚ್ಛೆ ಅಂತ ಹೇಳಿ ಬಾಗಿಲು ಮತ್ತೆ ತೆಗೆದ್ರು, 2023ರ ಟೆಲಿಕಾಂ ಕಾಯ್ದೇಲಿ ಬಯೋಮೆಟ್ರಿಕ್ ಗುರುತು ಅಂತ ಮತ್ತೆ ಬಂದಿದೆ. ಹೆಬ್ಬೆಟ್ಟು ಕಡ್ಡಾಯ ಮಾಡಿದ್ರೆ ಕಳ್ಳ ಸಿಗ್ತಾನೆ ಅನ್ನೋರು ಒಂದ್ಸಲ ಕೌಂಟರ್ ಒಳಗಡೆ ಬಂದು ನಿಂತ್ಕೊಳ್ಳಿ, ಸಿಗೋದು ಹೆಬ್ಬೆಟ್ಟು ಇಟ್ಟೋನು.

ಈಗ ನಂದೇ ಸಣ್ಣ ಅಂಗಡಿ. ಹುಡುಗನಿಗೆ ಬೇರೆ ಲಾಗಿನ್ ಮಾಡ್ಸಿಕೊಟ್ಟಿದೀನಿ, ಬೆರಳು ಬಿದ್ದಿಲ್ಲ ಅಂದ್ರೆ ಸ್ಕ್ರೀನ್ ಅವರ ಕಡೆಗೇ ತಿರುಗಿಸಿ ತೋರಿಸ್ಬೇಕು. ಸಿಮ್ ತಗೊಂಡೋರಿಗೆ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟ್ ಓಪನ್ ಮಾಡಿ ನಿಮ್ಮ ಹೆಸರಲ್ಲಿ ಎಷ್ಟು ನಂಬರ್ ಇದೆ ಅಂತ ನೋಡ್ಕೊಳ್ಳಿ ಅಂತೀನಿ. ಹೋದ ವಾರ ಒಬ್ಬ ಯಜಮಾನ್ರು ನೋಡಿದ್ರೆ ನಾಲ್ಕಿತ್ತು. ಅವರು ಇಟ್ಕೊಂಡಿರೋದು ಒಂದೇ ಕೀಪ್ಯಾಡ್ ಸೆಟ್ಟು. "ಉಳಿದಿದ್ದು ಯಾರದ್ದೋ ಮಾರಾಯ?" ಅಂದ್ರು. ಮೂರಕ್ಕೂ ನನ್ನದಲ್ಲ ಅಂತ ಒತ್ತಿಸಿದೆ. ಯಾವ ಅಂಗಡೀಲಿ ತಗೊಂಡಿದ್ರಿ ಅಂತ ಮಾತ್ರ ಕೇಳೋಕೆ ಹೋಗ್ಲಿಲ್ಲ.