ಹಾಟ್ ಹ್ಯಾಚ್‌ಗೆ 60 ಸಾವಿರ ಪೌಂಡ್ ಸುರಿಯಬೇಕಾ?

ಇಂಗ್ಲೆಂಡಿನ ಯಾವುದೇ ಮಾಮೂಲಿ ಬೀದಿಯಲ್ಲಿ ನಡೆದುಹೋಗುವಾಗ ಮನೆಗಳ ಮುಂದೆ ಸಾಲಾಗಿ ನಿಂತ ಕಾರುಗಳನ್ನು ಸ್ವಲ್ಪ ಗಮನಿಸಿ ನೋಡಿ. ಮನೆ ಸಾಧಾರಣ, ಬೀದಿ ಸಾಧಾರಣ, ಕಾರು ಕೂಡ ದೂರದಿಂದ ಮಕ್ಕಳನ್ನು ಸ್ಕೂಲಿಗೆ ಬಿಡುವ ಐದು ಬಾಗಿಲ ಹ್ಯಾಚ್‌ಬ್ಯಾಕ್ ಅಷ್ಟೇ. ಹತ್ತಿರ ಹೋದರೆ ಹಿಂದುಗಡೆ ನಾಲ್ಕು ಸೈಲೆನ್ಸರ್ ಕೊಳವೆ, ದಪ್ಪ ಟೈರು, ಚಕ್ರದ ಸಂದಿಯಲ್ಲಿ ಕೆಂಪು ಬ್ರೇಕ್. ಅದು ಮರ್ಸಿಡಿಸ್ ಎಎಂಜಿ ಎ45 ಎಸ್, ಹಾಟ್ ಹ್ಯಾಚ್, ಅಂದರೆ ಸ್ಪೋರ್ಟ್ಸ್ ಕಾರಿನ ಶಕ್ತಿ ತುಂಬಿದ ಹ್ಯಾಚ್‌ಬ್ಯಾಕ್. ಎರಡು ಲೀಟರ್ ಎಂಜಿನ್‌ನಿಂದ 421 ಹಾರ್ಸ್ ಪವರ್. ಅದು ಮತ್ತು ಅದರ ಎದುರಾಳಿ ಆಡಿ ಆರ್‌ಎಸ್3, ಎರಡೂ 60 ಸಾವಿರ ಪೌಂಡಿನ ಆಸುಪಾಸು. ಅಷ್ಟು ದುಡ್ಡಿಗೆ ದೊಡ್ಡ ಎಸ್‌ಯುವಿ ಬರುತ್ತದೆ, ಒಳ್ಳೆ ಸ್ಥಿತಿಯ ಸೆಕೆಂಡ್ ಹ್ಯಾಂಡ್ ಪೋರ್ಶೆ ಬರುತ್ತದೆ. ಆದರೂ ಜನ ಹ್ಯಾಚ್‌ಬ್ಯಾಕ್‌ಗೇ ಕೊಡುತ್ತಾರೆ.

ಕೊಡಬೇಕಾ? ನನ್ನನ್ನು ಕೇಳಿದರೆ, 40 ಸಾವಿರದ ತನಕ ಒಂದು ಮಾತು, ಅದರಿಂದ ಮೇಲೆ ಬೇರೆಯೇ ಮಾತು. ಮೇಲಿನ ಆ 20 ಸಾವಿರಕ್ಕೆ ಸಿಗುವುದು ಈ ದೇಶದ ರಸ್ತೆಯಲ್ಲಿ ಬಳಸಲಾಗದ ವೇಗ.

ಈ ಹುಚ್ಚು ಶುರುವಾಗಿದ್ದು ಎಲ್ಲಿಂದ ಅಂತ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಫೋಕ್ಸ್‌ವ್ಯಾಗನ್ 1975ರ ಫ್ರಾಂಕ್‌ಫರ್ಟ್ ಮೋಟಾರ್ ಶೋದಲ್ಲಿ ಗಾಲ್ಫ್ ಜಿಟಿಐ ತೋರಿಸಿತು, 1976ರಲ್ಲಿ ಮಾರಾಟಕ್ಕೆ ಬಿಟ್ಟಿತು. 110 ಹಾರ್ಸ್ ಪವರ್, ತೂಕ 800 ಕೆಜಿಗಿಂತ ಒಂಚೂರು ಜಾಸ್ತಿ. ಐದು ಸಾವಿರ ಮಾಡಿ ನಿಲ್ಲಿಸೋಣ ಅಂದುಕೊಂಡಿದ್ದರಂತೆ, ಜನ ಬಿಡಲಿಲ್ಲ. 1984ರಲ್ಲಿ ಪ್ಯೂಜೊ 205 ಜಿಟಿಐ ಬಂತು, ಅದೂ ಗರಿ ಹಗುರ. ವಾರವಿಡೀ ಆಫೀಸಿಗೆ, ಅಂಗಡಿಗೆ ಓಡಾಡಿದ ಅದೇ ಕಾರು ಭಾನುವಾರ ಬೆಳಿಗ್ಗೆ ಗುಡ್ಡದ ತಿರುವುಗಳಲ್ಲಿ ಸ್ಪೋರ್ಟ್ಸ್ ಕಾರುಗಳ ಬೆನ್ನು ಹತ್ತುತ್ತಿತ್ತು, ಅದೂ ಸಾಮಾನ್ಯ ಸಂಬಳದವರ ಕೈಗೆ ಎಟಕುವ ಬೆಲೆಗೆ. ಈಗಿನ ಜಿಟಿಐ 265 ಹಾರ್ಸ್ ಪವರ್, ತೂಕ ಸುಮಾರು 1,450 ಕೆಜಿ, ಬೆಲೆ 40 ಸಾವಿರ ಪೌಂಡ್ ಹತ್ತಿರ. ಏರ್‌ಬ್ಯಾಗ್, ಗಟ್ಟಿ ಬಾಡಿ, ಸದ್ದು ತಡೆಯುವ ಸಾಮಾನು, ಎಲ್ಲ ಸೇರಿದರೆ ತೂಕ ಏರಲೇಬೇಕು ಬಿಡಿ. ಸುರಕ್ಷತೆ ಜಾಸ್ತಿಯಾಗಿದ್ದಕ್ಕೆ ಗೊಣಗುವುದು ತಪ್ಪು. ಆದರೆ ಆ ತೂಕವನ್ನು ಮರೆಸಲು ಹೆಚ್ಚು ಶಕ್ತಿ, ಶಕ್ತಿಯನ್ನು ನೆಲಕ್ಕೆ ಇಳಿಸಲು ನಾಲ್ಕು ಚಕ್ರಕ್ಕೂ ಡ್ರೈವ್, ನಿಲ್ಲಿಸಲು ದೊಡ್ಡ ಬ್ರೇಕ್, ಹೀಗೆ ಒಂದಕ್ಕೊಂದು ಸೇರಿಕೊಂಡು ಬೆಲೆ ಇಲ್ಲಿಗೆ ಬಂದು ನಿಂತಿದೆ.

ಈಗ ರಸ್ತೆಯ ವಿಷಯ. ಮೋಟರ್‌ವೇಯಲ್ಲಿ ಮಿತಿ ಗಂಟೆಗೆ 70 ಮೈಲಿ. ಊರ ಹೊರಗಿನ ಸಾಮಾನ್ಯ ಎರಡು ದಿಕ್ಕಿನ ರಸ್ತೆಯಲ್ಲಿ ಬೇರೆ ಬೋರ್ಡ್ ಇಲ್ಲದಿದ್ದರೆ 60. ಕಾರು ಪ್ರೇಮಿಗಳು ಹಾಡಿ ಹೊಗಳುವ ರಸ್ತೆಗಳು ಪೀಕ್ ಡಿಸ್ಟ್ರಿಕ್ಟ್, ವೇಲ್ಸ್, ಯಾರ್ಕ್‌ಶೈರ್ ಕಡೆ ಇವೆ, ನಿಜವಾಗಿಯೂ ಸುಂದರ. ಆದರೆ ಎರಡೂ ಕಡೆ ಕಲ್ಲಿನ ಗೋಡೆ, ತಿರುವಿನಾಚೆ ಕುರಿಯೋ ಟ್ರಾಕ್ಟರೋ ಸೈಕಲ್ ಗುಂಪೋ ಗೊತ್ತಿಲ್ಲ. ಬಕ್ಸ್‌ಟನ್‌ನಿಂದ ಮ್ಯಾಕಲ್ಸ್‌ಫೀಲ್ಡ್‌ಗೆ ಹೋಗುವ ಎ537, ಕ್ಯಾಟ್ ಅಂಡ್ ಫಿಡಲ್ ಅಂತ ಹೆಸರುವಾಸಿ. ಬೈಕಿನವರು, ಕಾರಿನವರು ಅಲ್ಲಿ ಎಷ್ಟು ಅಪಘಾತ ಮಾಡಿಕೊಂಡರೆಂದರೆ ಈಗ ಉದ್ದಕ್ಕೂ 50ರ ಮಿತಿ, ಜೊತೆಗೆ ಸರಾಸರಿ ವೇಗ ಅಳೆಯುವ ಕ್ಯಾಮೆರಾ. ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತಿ ಆಮೇಲೆ ನುಗ್ಗುವ ಆಟ ಅಲ್ಲಿ ನಡೆಯುವುದಿಲ್ಲ. ಈ ಕಂಬದಿಂದ ಆ ಕಂಬಕ್ಕೆ ಎಷ್ಟು ಹೊತ್ತಿಗೆ ಬಂದೆ ಅಂತ ಲೆಕ್ಕ ಹಾಕುತ್ತದೆ.

ಎ45 ಎಸ್ ಸೊನ್ನೆಯಿಂದ 62 ಮೈಲಿ ಮುಟ್ಟಲು 3.9 ಸೆಕೆಂಡ್ ಸಾಕು. ಅಂದರೆ ಇಂಥ ರಸ್ತೆಗೆ ಬಂದು ಸರಿಯಾಗಿ ಒಮ್ಮೆ ಆಕ್ಸಿಲರೇಟರ್ ತುಳಿಯುವಷ್ಟರಲ್ಲಿ ಆಟ ಮುಗಿಯಿತು, ಅಲ್ವಾ.

ಹಾಗಂತ ಈ ಕಾರುಗಳಲ್ಲಿ ಏನೂ ಇಲ್ಲ ಅನ್ನುತ್ತಿಲ್ಲ. ನನ್ನ ಸಹೋದ್ಯೋಗಿಯೊಬ್ಬನ ಹತ್ತಿರ ಹೋಂಡಾ ಸಿವಿಕ್ ಟೈಪ್ ಆರ್ ಇದೆ, ಈಚಿನದು, 329 ಹಾರ್ಸ್ ಪವರ್. ಓಡಿಸಿ ನೋಡು ಮಾರಾಯ ಅನ್ನೋ ಧಾಟಿಯಲ್ಲಿ ಕೀ ಕೊಟ್ಟ. ಇಲ್ಲಿ ನಮಗೆ ಇನ್ಶೂರೆನ್ಸ್ ಇಲ್ಲದೆ ಬೇರೆಯವರ ಕಾರನ್ನು ಓಡಿಸುವ ಹಾಗಿಲ್ಲ, ಆದರೆ ಬರೀ ಒಂದು ಗಂಟೆಗೂ ಇನ್ಶೂರೆನ್ಸ್ ಮಾರುತ್ತಾರೆ, ಪಾರ್ಕಿಂಗ್‌ನಲ್ಲೇ ನಿಂತು ಫೋನಿನಲ್ಲಿ ಕೊಂಡುಕೊಂಡೆ. ಚಳಿಗಾಲದ ಬೆಳಿಗ್ಗೆ. ಗೇರ್ ಹಿಡಿ ಲೋಹದ ಗುಂಡು, ಮುಟ್ಟಿದರೆ ಕೈ ಮರಗಟ್ಟುತ್ತದೆ, ಅವನು ಅದಕ್ಕೇ ಅಂತ ಗ್ಲೌಸ್ ಇಟ್ಟಿದ್ದಾನೆ. ಆದರೆ ಗೇರ್ ಬೀಳುವ ರೀತಿ ಇದೆಯಲ್ಲ, ಚಿಕ್ಕದಾಗಿ, ಟಕ್ ಅಂತ, ಎರಡರಿಂದ ಮೂರಕ್ಕೆ ಸುಮ್ನೆ ಹಾಕಿ ತೆಗೆದು ಮಾಡಬೇಕು ಅನಿಸುತ್ತದೆ.

ಅದಕ್ಕಿಂತ ಮಜಾ ಕೊಟ್ಟಿದ್ದು ಒಂದು ರೌಂಡಬೌಟ್. ರಸ್ತೆ ಒದ್ದೆ, ವೇಗ ಮೂವತ್ತೂ ಇರಲಿಲ್ಲ. ಮಾಮೂಲಿ ಮುಂಚಕ್ರದ ಡ್ರೈವ್ ಕಾರಿನಲ್ಲಿ ತಿರುವಿನಲ್ಲೇ ಆಕ್ಸಿಲರೇಟರ್ ಒತ್ತಿದರೆ ಒಳಗಿನ ಚಕ್ರದ ಮೇಲೆ ಭಾರ ಕಡಿಮೆ ಇರುವುದರಿಂದ ಅದು ಅಲ್ಲೇ ಗಿರಗಿರ ತಿರುಗುತ್ತದೆ, ಕಾರಿನ ಮೂತಿ ಹೊರಕ್ಕೆ ಜಾರುತ್ತದೆ. ಟೈಪ್ ಆರ್‌ನಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದೆ. ಒಳಚಕ್ರ ಹಿಡಿತ ಬಿಡುತ್ತಿದೆ ಅನ್ನುವಾಗ ಶಕ್ತಿಯನ್ನು ಹೊರಚಕ್ರಕ್ಕೆ ದಾಟಿಸುತ್ತದೆ. ಒತ್ತಿದಷ್ಟೂ ಮೂತಿ ಒಳಗೇ ಬರುತ್ತದೆ, ಸ್ಟೇರಿಂಗ್‌ನಲ್ಲಿ ಅದು ಅಂಗೈಗೆ ಗೊತ್ತಾಗುತ್ತದೆ. ಜರ್ಮನಿಯ ನೂರ್ಬರ್ಗ್‌ರಿಂಗ್ ಟ್ರ್ಯಾಕಿನಲ್ಲಿ ಈ ಕಾರು 2023ರಲ್ಲಿ 7 ನಿಮಿಷ 44 ಸೆಕೆಂಡಿನಲ್ಲಿ ಒಂದು ಸುತ್ತು ಹಾಕಿ ಮುಂಚಕ್ರದ ಡ್ರೈವ್ ಕಾರುಗಳ ದಾಖಲೆ ಮಾಡಿತು ಅಂತ ಹೇಳುತ್ತಾರೆ, ಇರಲಿ, ಸಂತೋಷ. ನನಗೆ ಬೇಕಾದ ಸುಖ ಮೂವತ್ತು ಮೈಲಿಯೊಳಗೇ, ಯಾವ ಕಾನೂನೂ ಮುರಿಯದೆ ಸಿಕ್ಕಿತು.

ವಾಪಸ್ ಬರುವಾಗ ಇನ್ನೊಂದು ಮುಖವೂ ಕಂಡಿತು. ಟೈರು 265/30, 19 ಇಂಚಿನ ಚಕ್ರ. ಅಂದರೆ ಚಕ್ರದ ಅಂಚಿಗೂ ರಸ್ತೆಗೂ ನಡುವೆ ಎಂಟು ಸೆಂಟಿಮೀಟರ್ ರಬ್ಬರ್ ಮಾತ್ರ. ಇಂಗ್ಲೆಂಡಿನ ರಸ್ತೆಗಳು ಕನ್ನಡಿಯ ಹಾಗಿರುತ್ತವೆ ಅಂತ ನೀವಂದುಕೊಂಡಿದ್ದರೆ ಮರೆತುಬಿಡಿ, ಮಳೆ ಮತ್ತು ಹಿಮ ಮುಗಿಯುವ ಹೊತ್ತಿಗೆ ಎಲ್ಲೆಲ್ಲೂ ಗುಂಡಿ. ಪಕ್ಕದಲ್ಲಿ ಕೂತಿದ್ದ ಅವನು ದಾರಿಯುದ್ದಕ್ಕೂ ಎಡಕ್ಕೆ, ಬಲಕ್ಕೆ, ನಿಧಾನ ಅಂತ ಹೇಳುತ್ತಲೇ ಇದ್ದ. ಸುಮಾರು 50 ಸಾವಿರ ಪೌಂಡಿನ ಕಾರು, ಹಂಪ್ ಬಂದರೆ ಉಸಿರು ಬಿಗಿಹಿಡಿಯಬೇಕು.

ಇನ್ನು ವೇಗಕ್ಕೇ ದುಡ್ಡು ಕೊಡುತ್ತೇನೆ ಅನ್ನುವವರ ಲೆಕ್ಕವನ್ನು ಎಲೆಕ್ಟ್ರಿಕ್ ಕಾರು ಕೆಡಿಸಿಬಿಟ್ಟಿದೆ. 2023ರಲ್ಲಿ ಎಂಜಿ4 ಎಕ್ಸ್‌ಪವರ್ ಬಂತು. 435 ಹಾರ್ಸ್ ಪವರ್, 62 ಮೈಲಿಗೆ 3.8 ಸೆಕೆಂಡ್, ಬಿಡುಗಡೆಯಾದಾಗ ಬೆಲೆ 36,495 ಪೌಂಡ್. ಓಡಿಸುವ ಖುಷಿಯಲ್ಲಿ ಅದು ಎ45ರ ಹತ್ತಿರಕ್ಕೂ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಸಿಗ್ನಲ್‌ನಲ್ಲಿ ಪಕ್ಕದವನಿಗಿಂತ ಮುಂದೆ ಹಾರುವುದೇ ಮುಖ್ಯ ಅಂದರೆ 24 ಸಾವಿರ ಜಾಸ್ತಿ ಕೊಡುವುದಕ್ಕೆ ಕಾರಣವೇ ಉಳಿದಿಲ್ಲ.

ಕೊಂಡ ಮೇಲಿನ ಖರ್ಚು ಬೇರೆ. 2025ರ ಏಪ್ರಿಲ್‌ನಲ್ಲಿ ಇಲ್ಲಿ ವರ್ಷದ ರಸ್ತೆ ತೆರಿಗೆ 195 ಪೌಂಡ್ ಆಯಿತು. ಪೆಟ್ರೋಲ್ ಕಾರಿನ ಪಟ್ಟಿ ಬೆಲೆ 40 ಸಾವಿರ ದಾಟಿದ್ದರೆ ಎರಡನೇ ವರ್ಷದಿಂದ ಐದು ವರ್ಷ ಅದರ ಮೇಲೆ ಇನ್ನೂ ಒಂದಿಷ್ಟು, ಆಗ ಅದು 425 ಇತ್ತು. ಹೊಸ ಕಾರಿನ ಮೊದಲ ವರ್ಷದ್ದು ಹೊಗೆಯ ಲೆಕ್ಕ, ಕಿಲೋಮೀಟರಿಗೆ 191ರಿಂದ 225 ಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುವ ಕಾರಿಗೆ ಆಗ 3,300 ಪೌಂಡ್ ಇತ್ತು. ಇನ್ಶೂರೆನ್ಸ್‌ನವರು ಕಾರುಗಳನ್ನು ಬಹಳ ಕಾಲದಿಂದ ನಂಬರ್ ಕೊಟ್ಟು ಗುಂಪು ಮಾಡಿಟ್ಟಿದ್ದಾರೆ, ನಂಬರ್ ಏರಿದಷ್ಟೂ ಪ್ರೀಮಿಯಂ ಏರುತ್ತದೆ, ಇವೆಲ್ಲ ಮೇಲಿನ ಗುಂಪುಗಳಲ್ಲೇ ಇರುತ್ತವೆ. ನಿಮ್ಮ ವಯಸ್ಸು, ಕೆಲಸ, ಮನೆಯ ಪೋಸ್ಟ್‌ಕೋಡ್, ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ, ಎಲ್ಲ ಕೇಳುತ್ತಾರೆ. ಕಳ್ಳರಿಗೂ ಇಂಥ ಕಾರೇ ಇಷ್ಟ, ಹಾಗಾಗಿ ಟ್ರ್ಯಾಕರ್ ಹಾಕಿಸಿ ಅನ್ನುವ ಕಂಪನಿಗಳೂ ಇವೆ.

ಇಷ್ಟಾದರೂ ಬೀದಿ ಬೀದಿಯಲ್ಲಿ ಇವು ಕಾಣುವುದು ಹೇಗೆ? ಪಿಸಿಪಿ ಅನ್ನುವ ಕಂತಿನ ಪದ್ಧತಿಯಿಂದ. ಮೊದಲು ಒಂದಿಷ್ಟು ಮುಂಗಡ, ಮೂರು ನಾಲ್ಕು ವರ್ಷ ತಿಂಗಳ ಕಂತು, ಕೊನೆಗೆ ಒಂದು ದೊಡ್ಡ ಮೊತ್ತ ಕಟ್ಟಿದರೆ ಕಾರು ನಿಮ್ಮದು. ಬಹಳಷ್ಟು ಜನ ಆ ಮೊತ್ತ ಕಟ್ಟದೆ ಕಾರನ್ನು ವಾಪಸ್ ಕೊಟ್ಟು ಮುಂದಿನದಕ್ಕೆ ಹೋಗುತ್ತಾರೆ. ಅವರ ತಲೆಯಲ್ಲಿ 60 ಸಾವಿರ ಅನ್ನುವ ಅಂಕಿಯೇ ಇರುವುದಿಲ್ಲ, ತಿಂಗಳಿಗೆ ಇಷ್ಟು ಅಷ್ಟೇ. ವರ್ಷಕ್ಕೆ ಇಂತಿಷ್ಟೇ ಮೈಲಿ ಅಂತ ಮಿತಿ ಬೇರೆ. ಓಡಿಸುವ ಸುಖಕ್ಕೆ ಅಂತ ಕಾರು ತಂದು, ಓಡಿಸಿದರೆ ಮೈಲಿ ಮುಗಿಯುತ್ತದೆ ಅಂತ ನಿಲ್ಲಿಸಿಡುವುದು!

ಹೊಸದಾಗಿ ಬಂದವರಿಗೆ ಇನ್ನೊಂದು ಅಪಾಯವಿದೆ. ಇಲ್ಲಿನ ಲೈಸೆನ್ಸ್ ಪಡೆದ ಮೊದಲ ಎರಡು ವರ್ಷದಲ್ಲಿ ಆರು ಪಾಯಿಂಟ್ (ತಪ್ಪು ಮಾಡಿದಾಗ ಲೈಸೆನ್ಸ್ ಮೇಲೆ ಬೀಳುವ ಅಂಕ) ಬಿದ್ದರೆ ಲೈಸೆನ್ಸ್ ರದ್ದು, ಮತ್ತೆ ಕಲಿಯುವವರ ಸಾಲಿನಲ್ಲಿ ನಿಂತು ಪರೀಕ್ಷೆ ಬರೆಯಬೇಕು, ಓಡಿಸಿ ತೋರಿಸಬೇಕು. ಮಿತಿ ಮೀರಿ ಓಡಿಸಿದ್ದಕ್ಕೆ ಕಡಿಮೆ ಅಂದರೂ ಮೂರು ಪಾಯಿಂಟ್, 100 ಪೌಂಡ್ ದಂಡ. ಎರಡು ಸಲ ಸಿಕ್ಕಿಬಿದ್ದರೆ ಮುಗಿಯಿತು. ಕೆಲವೊಮ್ಮೆ ಪಾಯಿಂಟ್ ಬದಲು ಒಂದು ತರಗತಿಗೆ ಕೂರಿಸಿ ಬಿಡುತ್ತಾರೆ, ಆದರೆ ಅದನ್ನು ನಂಬಿಕೊಂಡು ಕಾಲಿಗೆ ಕೆಲಸ ಕೊಡಬೇಡಿ.

ಒಂದು ಕಾರಿಗೆ ಮಾತ್ರ ನನ್ನ ಮಾತನ್ನು ಸಡಿಲಿಸುತ್ತೇನೆ. ಟೊಯೋಟಾ ಜಿಆರ್ ಯಾರಿಸ್. ಹೆಸರು ಯಾರಿಸ್, ಆದರೆ ಮಾಮೂಲಿ ಯಾರಿಸ್‌ಗೆ ಇಲ್ಲದ ಮೂರು ಬಾಗಿಲ ಬಾಡಿ, ಹಗುರವಾಗಲಿ ಅಂತ ಕಾರ್ಬನ್ ಫೈಬರ್ ಮಿಶ್ರಿತ ಛಾವಣಿ, 1.6 ಲೀಟರಿನ ಮೂರು ಸಿಲಿಂಡರ್ ಎಂಜಿನ್‌ನಿಂದ ಮೊದಲ ಆವೃತ್ತಿಯಲ್ಲಿ 261 ಹಾರ್ಸ್ ಪವರ್, ನಾಲ್ಕು ಚಕ್ರಕ್ಕೂ ಡ್ರೈವ್. ರ‍್ಯಾಲಿ ಚಾಂಪಿಯನ್‌ಶಿಪ್ಪನ್ನು ತಲೆಯಲ್ಲಿಟ್ಟುಕೊಂಡು ಹೆಚ್ಚುಕಡಿಮೆ ಹೊಸದಾಗಿ ಕಟ್ಟಿದ ಕಾರದು. ಶುರುವಿನಲ್ಲಿ ಸುಮಾರು 30 ಸಾವಿರ ಪೌಂಡ್ ಇತ್ತು, ಆಗ ಕೊಂಡವರು ಜಾಣರು. 2024ರ ಹೊಸ ಆವೃತ್ತಿಗೆ 44 ಸಾವಿರ ಮೀರಿತು. ಆದರೂ ಅಲ್ಲಿ ದುಡ್ಡು ಎಲ್ಲಿಗೆ ಹೋಗಿದೆ ಅಂತ ಕಣ್ಣಿಗೆ ಕಾಣುತ್ತದೆ. ಹಿಂದಿನ ಸೀಟಿನಲ್ಲಿ ದೊಡ್ಡವರು ಕೂರುವುದು ಕಷ್ಟ, ಡಿಕ್ಕಿ ಚಿಕ್ಕದು, ಮನೆಗೆ ಇದೊಂದೇ ಕಾರು ಅಂದರೆ ಬೇಡ.

ಈಗ ಅಂಗಡಿಯವರೂ ಕಾರು ಪ್ರೇಮಿಗಳೂ ಹೇಳುವ ಮಾತು ಒಂದೇ, ಬೇಗ ತಗೊಳ್ಳಿ, ಇನ್ನು ಮುಂದೆ ಸಿಗುವುದಿಲ್ಲ ಅಂತ. ಸುಳ್ಳೇನಲ್ಲ. ಫೋರ್ಡ್ ಫಿಯೆಸ್ಟಾ 2023ರಲ್ಲಿ ನಿಂತಿತು, ಅದರ ಜೊತೆ ಅದರ ಹಾಟ್ ಹ್ಯಾಚ್ ಆವೃತ್ತಿ ಎಸ್‌ಟಿ ಕೂಡ. ರೆನೋ ಮೆಗಾನ್ ಆರ್‌ಎಸ್ ಅದೇ ವರ್ಷ. ಹುಂಡೈ ಐ30 ಎನ್ 2024ರಲ್ಲಿ ಯುರೋಪಿನಿಂದ ಹೋಯಿತು, ಫೋಕಸ್ ಎಸ್‌ಟಿ 2025ರಲ್ಲಿ. ಹೊಗೆಯ ನಿಯಮ ಬಿಗಿಯಾದ ಹಾಗೆ ಸಣ್ಣ ಪೆಟ್ರೋಲ್ ಕಾರು ಮಾರುವುದು ಕಂಪನಿಗಳಿಗೆ ಗಿಟ್ಟುತ್ತಿಲ್ಲ. ಆದರೆ ಹೊಸದು ನಿಂತಿತು ಅಂದಮಾತ್ರಕ್ಕೆ ಹಳೆಯವು ಮಾಯವಾಗುವುದಿಲ್ಲವಲ್ಲ.

ನಾನಾದರೆ ಸೆಕೆಂಡ್ ಹ್ಯಾಂಡ್ ಫಿಯೆಸ್ಟಾ ಎಸ್‌ಟಿ ನೋಡುತ್ತೇನೆ, 2018ರ ನಂತರದ್ದು. ಮೂರು ಸಿಲಿಂಡರ್, 200 ಹಾರ್ಸ್ ಪವರ್, ಆರು ಗೇರಿನ ಮ್ಯಾನುಯಲ್. ಹೊಸದಾಗಿ ಬಂದಾಗ 19 ಸಾವಿರಕ್ಕೆ ಶುರುವಾಗುತ್ತಿತ್ತು. ಸಸ್ಪೆನ್ಶನ್ ಗಟ್ಟಿ, ಸೊಂಟ ನೋವು ಇರುವವರು ಮೊದಲು ಒಂದು ರೌಂಡ್ ಹೋಗಿ ಬನ್ನಿ. ಪರ್ಫಾರ್ಮೆನ್ಸ್ ಪ್ಯಾಕ್ ಇರುವ ಕಾರೇ ಹುಡುಕಿ, ಮೇಲೆ ಹೇಳಿದ ಡಿಫರೆನ್ಷಿಯಲ್ ಅದರಲ್ಲಿದೆ, ಆಮೇಲೆ ಹಾಕಿಸಲು ಹೋದರೆ ಬಿಲ್ಲು ಜೋರು. ಶಕ್ತಿ ಏರಿಸಲು ಇಂಜಿನ್ ಟ್ಯೂನ್ ಮಾಡಿಸಿದ್ದಾರಾ ಅಂತ ನೇರವಾಗಿ ಕೇಳಿ, ಯಾಕೆಂದರೆ ಅದನ್ನು ಇನ್ಶೂರೆನ್ಸ್‌ನವರಿಗೆ ಹೇಳದೆ ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ತಕರಾರು ಬರುತ್ತದೆ. ನಾಲ್ಕೂ ಟೈರು ಒಂದೇ ಕಂಪನಿಯದ್ದಾ ನೋಡಿ, ಮುಂದೆ ಎರಡು ಅಗ್ಗದ ಟೈರು ಹಾಕಿದ್ದರೆ ಮಾಲೀಕ ಬೇರೆ ಕಡೆಯೂ ಹಾಗೇ ಉಳಿಸಿರುತ್ತಾನೆ. ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಎಂಒಟಿ ಅನ್ನುವ ಯೋಗ್ಯತಾ ತಪಾಸಣೆ ಕಡ್ಡಾಯ, ಅದರ ಹಿಂದಿನ ವರದಿಗಳೆಲ್ಲ ಸರ್ಕಾರಿ ವೆಬ್‌ಸೈಟಿನಲ್ಲಿ ನಂಬರ್ ಪ್ಲೇಟ್ ಹಾಕಿದರೆ ಪುಕ್ಕಟೆ ಸಿಗುತ್ತವೆ. ಎಷ್ಟು ಮೈಲಿ ಓಡಿದೆ, ಯಾವ ವರ್ಷ ಬ್ರೇಕ್ ಸವೆದಿತ್ತು, ಎಲ್ಲ ಅದರಲ್ಲಿರುತ್ತದೆ. ಇಲ್ಲಿಗೆ ಬಂದು ಕಾರು ಹುಡುಕುತ್ತಿರುವವರು ಯಾರಾದರೂ ಇದ್ದರೆ ಆ ನಂಬರ್ ನನಗೂ ಕಳಿಸಿ, ಇಬ್ಬರೂ ಕೂತು ನೋಡೋಣ, ನನಗಂತೂ ಅದು ಖುಷಿಯ ಕೆಲಸ.